ಚೆಂಡಿನ ಕುಳಿಗಳ ಬಗ್ಗೆ ತಾವು ಹೇಳದೇ ಬಿಟ್ಟದ್ದು

ಮನೆಯಲ್ಲೇ ಗಾಲ್ಫ್ ಅಭ್ಯಾಸ ಮಾಡುವವರಿಗೆ ಸಲಕರಣೆ ಮಾರುವ ಅಂತರ್ಜಾಲ ಮಳಿಗೆಯ ಬಲಮೂಲೆಯಲ್ಲಿ ಕಣ್ಣು ಮಿಟುಕಿಸುತ್ತ, 'ಆಯ್ಕೆಗೆ ನೆರವು ಬೇಕೆ?' ಎಂದು ಕೇಳುವ ಯಂತ್ರ ಸಹಾಯಕರಿಗೆ,

ಮಾನ್ಯರೇ,

ಪೀಣ್ಯ ಎರಡನೇ ಹಂತದಲ್ಲಿ ಉಕ್ಕು ಕಡೆಯುವ ನಾಲ್ಕು ಲೇತುಗಳನ್ನೂ ಹನ್ನೊಂದು ಜನರನ್ನೂ ನೆಚ್ಚಿಕೊಂಡು ಪಂಪುಗಳಿಗೆ ಶಾಫ್ಟ್ ತಯಾರಿಸುವ, ನಾಗಸಂದ್ರದ ಬಾಡಿಗೆ ಮನೆಯ ನಿವಾಸಿ ಕೊಟ್ರೇಶ್ ಎಂಬ ನಾನು ತಮ್ಮ ಪಾದಾರವಿಂದಗಳಿಗೆ ಸಾಷ್ಟಾಂಗ ನಮಸ್ಕರಿಸುತ್ತೇನೆ. ತಮಗೆ ಪಾದಗಳಿವೆಯೋ ಇಲ್ಲವೋ ತಿಳಿಯದು; ಇಲ್ಲವಾದರೆ ನಮಸ್ಕಾರವನ್ನು ಅನುಕೂಲವಾದ ಕಡೆ ಸ್ವೀಕರಿಸಬೇಕು. ಈ ಪತ್ರವನ್ನು ಬಹಿರಂಗವಾಗಿ ಬರೆಯಲು ಕಾರಣವಿಷ್ಟೇ: ಈಚೆಗೆ ಖಾಸಗಿಯಾಗಿ ಬರೆದ ಆರು ಪತ್ರಗಳಿಗೂ ತಾವು 'ನಿಮ್ಮ ಅನಿಸಿಕೆ ನಮಗೆ ಅಮೂಲ್ಯ' ಎಂದಷ್ಟೇ ಉತ್ತರಿಸಿದ್ದೀರಿ.

ಗಾಲ್ಫ್ ನನಗೆ ಹುಟ್ಟಿನಿಂದ ಬಂದ ರೋಗವಲ್ಲ. ಅತ್ತಿಬೆಲೆಯ ಪಂಪ್ ಕಂಪನಿಯೊಂದರ ಖರೀದಿ ಮುಖ್ಯಸ್ಥರಾದ ಶಶಿಕುಮಾರ್ ಸಾಹೇಬರು ವರ್ಷಕ್ಕೊಮ್ಮೆ ಸರಕು ಪೂರೈಸುವವರನ್ನೆಲ್ಲ ಗಾಲ್ಫ್ ಮೈದಾನಕ್ಕೆ ಕರೆಯುತ್ತಾರೆಂದೂ, ಅಲ್ಲಿ ಕೋಲು ಹಿಡಿಯಲು ಬಾರದವನ ಕಡತ ಮೇಜಿನ ಮೇಲಕ್ಕೆ ಏರುವುದೇ ಇಲ್ಲವೆಂದೂ ಪೀಣ್ಯದ ಎಲ್ಲ ಟೀ ಅಂಗಡಿಗಳಲ್ಲಿ ಪ್ರತೀತಿ. ನಮ್ಮಲ್ಲಿ ಎರಡು ಲೇತುಗಳು ಆಗಲೇ ಬಟ್ಟೆ ಹೊದ್ದು ಮಲಗಿದ್ದವು. ಆ ಶಾಫ್ಟ್ ಆರ್ಡರ್ ಸಿಗದಿದ್ದರೆ ಹನ್ನೊಂದು ಜನರಲ್ಲಿ ನಾಲ್ವರನ್ನು ಮನೆಗೆ ಕಳಿಸಬೇಕಿತ್ತು. ಹೀಗಾಗಿ ನಲವತ್ತೇಳರ ವಯಸ್ಸಿನಲ್ಲಿ, ಇರುವ ಹೊಟ್ಟೆಯ ಸಮೇತ, ತಮ್ಮ ಮೊರೆಹೊಕ್ಕೆ.

ತಾವು ಎಷ್ಟು ಅಕ್ಕರೆಯಿಂದ ವಿಚಾರಿಸಿದಿರಿ! ನಿಮ್ಮ ಹುಲ್ಲುಹಾಸು ಎಷ್ಟು ಗಜ ಎಂದು ಕೇಳಿದಿರಿ. ಒಂದು ಕುಂಡದಲ್ಲಿ ಮಜ್ಜಿಗೆಹುಲ್ಲು ಇದೆ ಎಂದು ನಾನು ಸತ್ಯವನ್ನೇ ಹೇಳಿದೆ. ತಾವು ಒಂದು ಕ್ಷಣವೂ ತಡಮಾಡದೆ 'ಸಣ್ಣ ಹುಲ್ಲುಹಾಸುಗಳಿಗೆ ಹೇಳಿ ಮಾಡಿಸಿದ' ಬಲೆ, ಹಸಿರು ಚಾಪೆ, ಮೂರು ಕೋಲು, ಎರಡು ಡಜನ್ ಚೆಂಡು ಮತ್ತು ಹೊಡೆತ ಅಳೆಯುವ ಪುಟ್ಟ ಯಂತ್ರವನ್ನು ಆರಿಸಿಕೊಟ್ಟಿರಿ. ಹೆಣ್ಣು ನೋಡುವಾಗಲೂ ನನಗೆ ಇಷ್ಟು ಬೇಗ ಯಾರೂ ಒಪ್ಪಿಗೆ ಕೊಟ್ಟಿರಲಿಲ್ಲ.

ಬಲೆಯನ್ನು ತಾರಸಿಯಲ್ಲಿ ಕಟ್ಟಿದ ದಿನ ಮನೆಯ ಒಡತಿ ಚಿಕ್ಕಮುನಿಯಮ್ಮನವರು ಮೆಟ್ಟಿಲೇರಿ ಬಂದು, ಸೊಂಟದ ಮೇಲೆ ಕೈಯಿಟ್ಟು, "ಏನಪ್ಪಾ, ಕೋಳಿ ಸಾಕ್ತೀಯಾ? ನೀವು ಲಿಂಗಾಯ್ತ್ರು, ತಿನ್ನಾಕಿಲ್ಲ ಅಂತಿದ್ದೆ. ಇರ್ಲಿ ಬುಡು, ಮೊಟ್ಟೆ ನಮ್ ಮನೇಗೆ ಕೊಟ್ಬುಡು" ಎಂದರು. ಕೋಳಿಯಲ್ಲ, ಗಾಲ್ಫ್ ಎಂದು ವಿವರಿಸಿದ ಮೇಲೆ ಅವರ ಮುಖದಲ್ಲಿ ನನ್ನ ಬಗ್ಗೆ ಇದ್ದ ಗೌರವ ಇನ್ನಷ್ಟು ಇಳಿಯಿತು.

ಇನ್ನು ಚೆಂಡಿನ ವಿಚಾರ. ಅವು ಬಂದದ್ದು ಕಾರ್ಖಾನೆಯ ವಿಳಾಸಕ್ಕೆ. ನಮ್ಮ ಗೇಟು ದಾಟಿದ ಯಾವುದೇ ವಸ್ತು, ಉಕ್ಕಿನ ಸರಳಾಗಲಿ ಟೀ ಲೋಟವಾಗಲಿ, ಮೊದಲು ನಮ್ಮ ಹಿರಿಯ ಕೆಲಸಗಾರ ಹನುಮಯ್ಯನವರ ತಪಾಸಣೆ ಮೇಜಿಗೆ ಹೋಗಬೇಕು. ಇಪ್ಪತ್ತೆರಡು ವರ್ಷದಿಂದ ಇದೇ ಪದ್ಧತಿ. ಅವರು ಭೂತಗನ್ನಡಿ ಹಿಡಿದು, ಅರ್ಧ ದಿನ ಎಣಿಸಿ, ಪೆಟ್ಟಿಗೆಗೆ ತಿರಸ್ಕೃತವೆಂಬ ಕೆಂಪು ಚೀಟಿ ಕಟ್ಟಿದರು. "ಸಾರ್, ಒಂದೊಂದ್ ಚೆಂಡಲ್ಲೂ ಮುನ್ನೂರ ಮೂವತ್ತಾರು ಗುಂಡಿ ಅವೆ. ಒಂದಾದ್ರೂ ನೆಟ್ಟಗಿಲ್ಲ. ನಿಮಗ್ಯಾರೋ ಸಕ್ಕತ್ತಾಗಿ ಟೋಪಿ ಹಾಕವ್ರೆ."

ಗಾಲ್ಫ್ ಚೆಂಡನ್ನು ಟಿ.ವಿ.ಯಲ್ಲಿ ದೂರದಿಂದ ಮಾತ್ರ ಕಂಡಿದ್ದ ನಾನು ಗಾಬರಿಯಿಂದ ತಮಗೆ ಬರೆದೆ: ಚೆಂಡಿನ ತುಂಬ ಕುಳಿಗಳಿವೆ, ಏನು ಮಾಡಲಿ? ತಾವು ಬರೆದಿರಿ: 'ಒದ್ದೆ ಬಟ್ಟೆಯಿಂದ ಒರೆಸಿ, ಆಟವನ್ನು ಆನಂದಿಸಿ.' ಒರೆಸಿದರೂ ಕುಳಿಗಳು ಹೋಗಲಿಲ್ಲ. ಪೀಣ್ಯದಲ್ಲಿ ಕೆಟ್ಟ ಮಾಲನ್ನು ಎಸೆಯುವುದಿಲ್ಲ, ರಿಪೇರಿ ಮಾಡುತ್ತೇವೆ. ಹನುಮಯ್ಯನವರು ಮರದ ಹಿಡಿಕೆ ಮಾಡಿ, ಒಂದೊಂದನ್ನೂ ಲೇತಿಗೆ ಕಟ್ಟಿ, ಕೂದಲೆಳೆಯಷ್ಟು ತೆಗೆದು, ಪಾಲಿಶ್ ಹೊಡೆದು ಕೊಟ್ಟರು. ಅಂಗೈಯಲ್ಲಿಟ್ಟರೆ ಬೆಣ್ಣೆಯುಂಡೆಯ ಹಾಗೆ ಜಾರುತ್ತಿದ್ದವು.

ಒಂದೂವರೆ ತಿಂಗಳು ಅವುಗಳನ್ನೇ ಬಲೆಗೆ ಹೊಡೆದೆ. ಬಲೆ ಇದ್ದದ್ದು ಹತ್ತಡಿ ದೂರದಲ್ಲಿ. ಅದರಾಚೆ ಚೆಂಡು ಏನಾಗುತ್ತಿತ್ತೆಂದು ಬಲ್ಲವರಾರು? ತಮ್ಮ ಪುಟ್ಟ ಯಂತ್ರ ಮಾತ್ರ ಪ್ರತಿ ಹೊಡೆತಕ್ಕೂ 'ಅದ್ಭುತ, ನೂರ ಎಪ್ಪತ್ತು ಗಜ' ಎಂದು ಬೆನ್ನು ತಟ್ಟುತ್ತಿತ್ತು. ಹೆತ್ತ ತಾಯಿಯೂ ನನ್ನನ್ನು ಇಷ್ಟು ಹೊಗಳಿಲ್ಲ. ನಾನು ನಂಬಿದೆ.

ಆ ದಿನ ಬಂತು. ಸಾಹೇಬರ ಮುಂದೆ ಮರ್ಯಾದೆಯಿಂದ, ಸ್ವಲ್ಪವೇ ಅಂತರದಲ್ಲಿ ಸೋಲುವುದು ಅಲ್ಲಿಯ ಶಿಷ್ಟಾಚಾರ. ನನ್ನ ಚೆಂಡು ಎದ್ದಿತು, ದಾರಿಯಲ್ಲಿ ಏನೋ ಮರೆತವರಂತೆ ತಡವರಿಸಿತು, ಬಿದ್ದಿತು. ಎರಡನೆಯದೂ ಹಾಗೆಯೇ, ಮೂರನೆಯದೂ ಹಾಗೆಯೇ. ಜನ ಮುಚ್ಚುಮರೆಯಿಲ್ಲದೆ ನಕ್ಕರು. ಶಶಿಕುಮಾರ್ ಸಾಹೇಬರು ಚೆಂಡನ್ನು ಎತ್ತಿ ನೋಡಿ, "ಏನ್ರೀ ಕೊಟ್ರೇಶ್, ಇದರ ಕುಳಿಗಳೆಲ್ಲ ಎಲ್ ಹೋದ್ವು? ಅವಿದ್ರೇನೇ ಕಣ್ರೀ ಚೆಂಡು ಗಾಳೀಲಿ ದೂರ ಹೋಗೋದು!" ಎಂದಾಗ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಂಗಡಿಯವರೇ ಹೀಗೆ ಕಳಿಸಿದರೆಂಬ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಕೆಲಸ ಎಷ್ಟು ಚೆನ್ನಾಗಿತ್ತೆಂದರೆ, ಅದನ್ನು ತಮ್ಮ ಹೆಸರಿಗೆ ಬರೆದುಕೊಡಲು ಮನಸ್ಸು ಬರಲಿಲ್ಲ. ನಮ್ಮ ಹನುಮಯ್ಯನವರು ಲೇತಿನಲ್ಲಿ ತಿರುಗಿಸಿ ನುಣುಪು ಮಾಡಿದ್ದು, ತಿಳಿಯದ ತಪ್ಪು ನನ್ನದು ಎಂದೆ. ಸಾಹೇಬರು ಚೆಂಡನ್ನು ಬೆರಳುಗಳ ನಡುವೆ ಬಹಳ ಹೊತ್ತು ಹೊರಳಿಸಿ ಜೇಬಿಗೆ ಹಾಕಿಕೊಂಡರು. ವಾಪಸು ಬರುವಾಗ ಮೆಟ್ರೋದಲ್ಲಿ ಕೂತು, ಕಳಿಸಬೇಕಾದ ನಾಲ್ವರು ಯಾರೆಂದು ಯೋಚಿಸುತ್ತ ನಾನು ಅತ್ತದ್ದುಂಟು.

ಸೋಮವಾರ ಬೆಳಿಗ್ಗೆ ಸಾಹೇಬರ ಕಾರು ನಮ್ಮ ಗೇಟಿಗೆ ಬಂತು. ಅವರು ನನ್ನತ್ತ ನೋಡದೆ ನೇರವಾಗಿ ಹನುಮಯ್ಯನವರ ಬಳಿ ಹೋಗಿ, ದನಿ ತಗ್ಗಿಸಿ ಕೇಳಿದರು: "ಇಂಥವು ಇನ್ನೆರಡು ಡಜನ್ ಆಗುತ್ತಾ? ಕುಳಿ ಇದ್ದ ಕಡೆ ಬರೀ ಬಣ್ಣದ ಚುಕ್ಕೆ ಇಟ್ಬಿಡಿ. ನಮ್ಮ ಎಂ.ಡಿ. ಅವರ ಚೀಲಕ್ಕೆ ಗುಟ್ಟಾಗಿ ಹಾಕ್ಬೇಕು. ಎಂಟು ವರ್ಷ ಅವರಿಗೆ ಬೇಕಂತ ಸೋತೆ, ಈಗ ಗೆಲ್ಲೋಣ ಅಂದ್ರೂ ಆಗ್ತಿಲ್ಲ." ಹನುಮಯ್ಯನವರು ಕೈಯ ಗ್ರೀಸು ಒರೆಸಿಕೊಳ್ಳುತ್ತ, "ಶಾಫ್ಟ್ ಆರ್ಡರ್ ಕಾಗ್ದ ಮೊದ್ಲು ಸಾರ್, ಚೆಂಡು ಆಮ್ಯಾಕೆ" ಎಂದರು. ಕಾಗದಕ್ಕೆ ಅಲ್ಲೇ ಸಹಿ ಬಿತ್ತು. ಹನ್ನೊಂದು ಜನರೂ ಇದ್ದಾರೆ, ನಾಲ್ಕು ಲೇತೂ ತಿರುಗುತ್ತಿವೆ.

ಹೀಗೆ ತಮ್ಮ ಸಲಹೆ ಪೂರ್ತಿ ಕೆಟ್ಟದ್ದಾಗಿದ್ದರಿಂದಲೇ ನಾವು ಉದ್ಧಾರವಾದೆವು. ಆದರೂ ಕೆಲವು ವಿನಂತಿಗಳಿವೆ. ಪೆಟ್ಟಿಗೆಯ ಮೇಲೆ 'ಕುಳಿಗಳು ಬೇಕೆಂದೇ ಮಾಡಿದವು' ಎಂಬ ಒಂದು ಸಾಲು ಅಚ್ಚು ಹಾಕಿಸಬೇಕು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಒಳ್ಳೆಯ ಮಾಲನ್ನು ತಿರಸ್ಕರಿಸಿದೆನೆಂದು ಕೊರಗುತ್ತಿರುವ ಹನುಮಯ್ಯನವರಿಗೆ, ತಪ್ಪು ಚೆಂಡಿನದೇ ಎಂದು ಕಂಪನಿಯ ಮೊಹರು ಒತ್ತಿ ಬರೆದುಕೊಡಬೇಕು. ಚಿಕ್ಕಮುನಿಯಮ್ಮನವರು ಬಲೆಯ ಮೇಲೆ ಹೀರೆ ಬಳ್ಳಿ ಹಬ್ಬಿಸಿರುವುದರಿಂದ, ಹೀರೆಕಾಯಿಗೆ ಗಾಯವಾಗದಂತೆ ಹೊಡೆಯುವ ಕೋಲು ಯಾವುದೆಂದು ಸೂಚಿಸಬೇಕು. ಎಳೆಯ ಹೀರೆಕಾಯಿ ಬೇಕಿದ್ದರೆ ತಾವೂ ಬರಬಹುದು.

ತಮ್ಮ ಆರೂ ಉತ್ತರಗಳನ್ನು ಜೋಪಾನವಾಗಿ ಇಟ್ಟುಕೊಂಡಿರುವ,
ತಮ್ಮ ವಿಶ್ವಾಸಿ,
ಕೊಟ್ರೇಶ್

ತಾ.ಕ.: ಇಷ್ಟರಲ್ಲೇ ಅತ್ತಿಬೆಲೆಯ ಪಂಪ್ ಕಂಪನಿಯ ಹಿರಿಯರೊಬ್ಬರು ತಮ್ಮ ಚೆಂಡುಗಳು ಇದ್ದಕ್ಕಿದ್ದಂತೆ ಹಾರುವುದನ್ನು ನಿಲ್ಲಿಸಿವೆಯೆಂದು ತಮಗೆ ದೂರು ಬರೆಯಬಹುದು. ಚೆಂಡನ್ನು ಪರೀಕ್ಷಿಸಿ ಎನ್ನಬೇಡಿ, ಇನ್ನೂ ದುಬಾರಿ ಕೋಲು ಕೊಳ್ಳಿ ಎನ್ನಿ. ಹೇಗೂ ತಾವು ಅದನ್ನೇ ಹೇಳುವವರು. ಪತ್ರ ಬಹಿರಂಗವಾಗಿರುವುದರಿಂದ ಗುಟ್ಟು ರಟ್ಟಾದೀತೆಂಬ ಚಿಂತೆಯೂ ಬೇಡ. ಅವರು ಬೆಂಗಳೂರಿಗೆ ಬಂದು ಇಪ್ಪತ್ತಾರು ವರ್ಷವಾಗಿದೆ, ಕನ್ನಡ ಓದಲು ಕಲಿಯುವುದಕ್ಕೆ ಇನ್ನೂ ಪುರಸೊತ್ತು ಸಿಕ್ಕಿಲ್ಲ.