ಟೆಂಪೋದ ಬೆನ್ನ ಮೇಲಿನ 'ಹೇರು'

ಶಬ್ದದ ಅರ್ಥ ಗೊತ್ತಿರುವುದು ದೋಷವಲ್ಲ. ಅದನ್ನು ಇನ್ನೊಬ್ಬರಿಗೆ ಹೇಳುವ ಚಟ ಮಾತ್ರ ಇರಬಾರದು. ನನಗಿದೆ. ಹೆಡ್‌ಮಾಸ್ತರಿಕೆಯಿಂದ ನಿವೃತ್ತನಾದ ಮೇಲೂ ಬೆಳಿಗ್ಗೆ ಐದಕ್ಕೆ ಎದ್ದು, ಹಾಸಿಗೆ ಮಡಿಚಿ, ದಿನಕ್ಕೊಂದು ಶಬ್ದ ಹಿಡಿದು ಕೂರುತ್ತೇನೆ. ಚಹಾದ ಹೊತ್ತಿಗೆ ಅದರ ಅರ್ಥವನ್ನು ಹೆಂಡತಿ ಕೇಳಬೇಕು. ಅವಳು ಮಿಕ್ಸರ್ ಹಚ್ಚುತ್ತಾಳೆ.

ಹೀಗಿರುವಾಗ ನನ್ನ ಶಾಲೆಯಲ್ಲೇ ಕಲಿತ ಅಣ್ಣನ ಮಗ ಬಸು, ಕುಂದಗೋಳದಲ್ಲಿ ಸರಕು ಸಾಗಿಸಲು ಟೆಂಪೋ ಕೊಂಡ. "ಕಾಕಾ, ಹಿಂದಿನ ಫಳಿ ಮ್ಯಾಲೆ ಏನರ ಬರದ ಕೊಡ್ರಿ. ಮಂದಿ ಓದಿ ತಲಿ ದೂಗಬೇಕು" ಎಂದ. ಎಲ್ಲರೂ ಹಿಂಬದಿಯ ಹಲಗೆಗೆ ಬರೆಸುವ 'ತಾಯಿಯ ಆಶೀರ್ವಾದ' ಬೇಡವೆಂದೆ. ಹಲವು ಬೆಳಗು ತಿದ್ದಿ ತೀಡಿ ಬರೆದೆ: 'ಹೇರು ಎಂದರೆ ಎತ್ತಿನ ಬೆನ್ನಿನ ಸರಕು ಮಾತ್ರವಲ್ಲ, ಕಾವ್ಯದಲ್ಲಿ ಅದು ಬಾಳಿನ ಭಾರ, ಮಾಡಿದ ಕರ್ಮ, ಹೇಳಲಾಗದ ದುಃಖ, ಆದ್ದರಿಂದ ಓದುಗನೇ, ಮುಂದಿನವನು ಏನು ಹೊತ್ತಿದ್ದಾನೆಂದು ತಿಳಿಯದೆ ಹಾರ್ನ್ ಒತ್ತಬೇಡ.' ಜನ್ಮದಲ್ಲಿ ಪ್ರಕಟವಾದ ನನ್ನ ಕೃತಿ ಇದೊಂದೇ.

"ಸರ, ಇದು ಫಳಿಗೋ ಪುಸ್ತಕಕ್ಕೋ?" ಎಂದ ಪೇಂಟರ್. ಒಂದಕ್ಷರವನ್ನೂ ಬಿಡಕೂಡದೆಂದೆ. ಅಕ್ಷರಗಳು ಸಾಸಿವೆ ಕಾಳಾದವು.

ಸಾಸಿವೆ ಓದಲು ಹತ್ತಿರ ಬರಬೇಕಲ್ಲ! ಅಣ್ಣಿಗೇರಿಯ ದಾರಿಯಲ್ಲಿ ಬೈಕಿನವನೊಬ್ಬ 'ಹೇಳಲಾಗದ ದುಃಖ'ದವರೆಗೆ ಓದಿ ಬಂಪರಿಗೆ ಮುತ್ತಿಟ್ಟ. ಕಲಘಟಗಿಗೆ ಹೋಗಬೇಕಾದ ಇನ್ನೊಬ್ಬ, ಪೂರ್ಣವಿರಾಮ ಹುಡುಕುತ್ತ ಶಲವಡಿ ಮುಟ್ಟಿದ. "ಕಾಕಾ, ಅಳಸೂಣ್ರಿ. ಉಳ್ಳಾಗಡ್ಡಿ ಚೀಲಕಿಂತ ನಿಮ್ಮ ಮಾತ ಭಾರ ಆತು" ಎಂದು ಬಸು ಕೈಮುಗಿದ.

"ಓದೂ ಮಂದಿಗೆ ಬ್ರೇಕ್ ಹಾಕಾಕ ಬರೂದಿಲ್ಲಂತ ಬರಿಯವ ಬರಿಯೂದು ಬಿಡಬೇಕೇನಲೇ?" ಎಂದು ಗದರಿದೆ. ಅಳಿಸಿದರೆ ನಾನು ಮತ್ತೆ ಏನೂ ಪ್ರಕಟಿಸದ ಮನುಷ್ಯ!

ಮರುದಿನ ಹಾಲು ತೆಗೆದುಕೊಂಡು ಸ್ಕೂಟರಿನಲ್ಲಿ ಬರುವಾಗ ಮುಂದೆ ಅದೇ ಟೆಂಪೋ. ಎಳೆಬಿಸಿಲಿಗೆ ನನ್ನ ವಾಕ್ಯ ಹೊಳೆಯುತ್ತಿತ್ತು. ಪೇಂಟರ್ ಅಲ್ಪವಿರಾಮ ಹಾಕಿದ್ದಾನೋ ಇಲ್ಲವೋ ಎಂದು ತುಸು ಸಮೀಪಿಸಿದೆ. ಇನ್ನೂ ತುಸು. ಎಮ್ಮೆಯೊಂದು ಅಡ್ಡ ಬಂತು, ಬಸು ಬ್ರೇಕ್ ಒತ್ತಿದ, ನಾನು 'ಬಾಳಿನ ಭಾರ'ಕ್ಕೆ ತಲೆಕೊಟ್ಟೆ. ಹೆಲ್ಮೆಟ್ಟಿನಿಂದ ಹಣೆ ಉಳಿಯಿತು. ಹಾಲು, ಮಾನ ಎರಡೂ ರಸ್ತೆ ಪಾಲು.

ಬಸು ಇಳಿದು ಬಂದು ನನ್ನನ್ನು ಎಬ್ಬಿಸಿದ. "ಬರದವ್ರೂ ಓದಬೇಕೇನ್ರಿ ಕಾಕಾ?"

ಈಗ ಆ ಫಳಿಯ ತುಂಬ ಗೇಣುದ್ದದ ಅಕ್ಷರಗಳು: 'ಒಂದು ಕೈ ಅಂತರ!' "ಇದೂ ನಿಮ್ಮ ಮಾತ ಬಿಡ್ರಿ. ಪ್ರಾರ್ಥನಾಕ್ಕ ಸಾಲಾಗಿ ನಿಂತಾಗ ದಿನಾ ಒದರತಿದ್ರಿ" ಎಂದು ಬಸು ಸಮಾಧಾನ ಹೇಳಿದ. ನಿಜ. ನನ್ನ ಸಮಗ್ರ ಸಾಹಿತ್ಯ ಮೂರು ಶಬ್ದಕ್ಕೆ ಇಳಿದಿದೆ. ಮನೆಯ ಕಟ್ಟೆಯ ಮೇಲೆ ಕೂತು, ಕನ್ನಡಕವಿಲ್ಲದೆ ಓದುತ್ತೇನೆ. ಅದರ ಅರ್ಥ ಹೇಳೋಣವೆಂದು ಒಳಗೆ ತಿರುಗಿದರೆ, ಮಿಕ್ಸರ್.