ರಾಜರ ಸಂತೆಯಲ್ಲಿ ಸೌತೆಕಾಯಿ

ತಿನ್ನುವ ವಿಷಯದಲ್ಲಿ ನನ್ನಷ್ಟು ನಾಚಿಕೆಗೆಟ್ಟವನು ಇನ್ನೊಬ್ಬನಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾವುದಾದರೂ ಊರಿನ ಹೆಸರೆತ್ತಿದರೆ ಬೇರೆಯವರಿಗೆ ಅಲ್ಲಿನ ನದಿಯೋ ಗೋಪುರವೋ ನೆನಪಾಗುತ್ತದೆ. ನನಗೆ ಅಲ್ಲಿ ಏನು ತಿಂದೆ, ಬಿಸಿಯಾಗಿತ್ತೇ, ಉಪ್ಪು ಹದವಾಗಿತ್ತೇ ಎಂಬುದಷ್ಟೇ ನೆನಪು. ನಯಾಗರಾ ಎಂದರೆ ನನ್ನ ಪಾಲಿಗೆ ಒಂದು ಒಳ್ಳೆಯ ಆಲೂಗಡ್ಡೆ ಚಿಪ್ಸು. ಪಕ್ಕದಲ್ಲಿ ನೀರೂ ಬೀಳುತ್ತಿತ್ತು. ಹಾಗಾಗಿ ಎಪ್ಪತ್ತರ ದಶಕದ ಕೊನೆಯಲ್ಲಿ ನಾವು ನೋಡಿದ ರಿನೈಸನ್ಸ್ ಫೇರ್ ಬಗ್ಗೆ ಯಾರಾದರೂ ಕೇಳಿದರೆ, ಅಲ್ಲಿನ ಕುದುರೆ, ಕತ್ತಿ, ತುತ್ತೂರಿಗಳನ್ನೆಲ್ಲ ಹಾರಿಸಿ ನಾನು ನೇರವಾಗಿ ಮುಸುಕಿನ ಜೋಳಕ್ಕೆ ಬಂದುಬಿಡುತ್ತೇನೆ.

ಗೊತ್ತಿಲ್ಲದವರಿಗೆ ಒಂದು ಮಾತು. ಅಮೆರಿಕದವರಿಗೆ ತಮ್ಮದೇ ಹಳೆಯ ರಾಜರಿಲ್ಲ. ಅದಕ್ಕೇ ಏನೋ, ಬೇಸಗೆ ಮುಗಿಯುವ ಹೊತ್ತಿಗೆ ಯಾವುದಾದರೊಂದು ಬಯಲಿನಲ್ಲಿ ಹಲಗೆಯ ಕೋಟೆ ಕಟ್ಟಿ, ನಾನೂರು ಐನೂರು ವರ್ಷದ ಹಿಂದಿನ ಇಂಗ್ಲೆಂಡನ್ನು ನಿಲ್ಲಿಸಿ, ವಾರವಿಡೀ ಬ್ಯಾಂಕಿನಲ್ಲಿ ಕೂರುವವರು ಶನಿವಾರ ಭಾನುವಾರ ರಾಜರಾಗುತ್ತಾರೆ, ರಾಣಿಯರಾಗುತ್ತಾರೆ, ಭಿಕ್ಷುಕರಾಗುತ್ತಾರೆ. ಸ್ಟರ್ಲಿಂಗ್ ಹೈಟ್ಸ್‌ನ ಕಾರಿನ ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೇಜಿನಲ್ಲಿ ನಕ್ಷೆ ಬರೆಯುತ್ತಿದ್ದ ವಾಲ್ಟರ್ ಇದನ್ನೆಲ್ಲ ವರ್ಣಿಸಿದಾಗ ನನಗೆ ಹೆಚ್ಚೇನೂ ಅನ್ನಿಸಲಿಲ್ಲ. ಕೊನೆಗೆ ಅವನು, "ಅಲ್ಲಿ ಫೋರ್ಕ್ ಕೊಡೋದಿಲ್ಲ ಮಾರಾಯ, ಎಲ್ಲ ಕೈಯಲ್ಲೇ ತಿನ್ನಬೇಕು" ಎನ್ನುವ ಅರ್ಥದ ಮಾತು ಹೇಳಿದ. ನಾನು ಪೆನ್ಸಿಲ್ ಕೆಳಗಿಟ್ಟು ದಾರಿ ಕೇಳಿದೆ.

ಯಾಕೆಂದರೆ ಫೋರ್ಕು ನನ್ನ ಹಳೆಯ ಶತ್ರು. ನಮ್ಮಪ್ಪ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದವರು. ನಮ್ಮ ವಂಶದಲ್ಲಿ ಡಿಗ್ರಿ ಎಂಬುದನ್ನು ಪಡೆದವನು ನಾನೇ ಮೊದಲು. ಈ ಮಾತನ್ನು ಸಂದರ್ಭ ಸಿಕ್ಕಾಗಲೆಲ್ಲ ಹೇಳುತ್ತೇನೆ, ಸಿಗದಿದ್ದರೆ ಸಂದರ್ಭ ಮಾಡಿಕೊಂಡು ಹೇಳುತ್ತೇನೆ. ಬೀದಿ ದೀಪದಡಿ ಕೂತು ಓದಿದವನು ನಾನಲ್ಲ, ಆದರೆ ಆರು ಜನ ಮಲಗಿದ್ದ ಒಂದೇ ಕೋಣೆಯಲ್ಲಿ ತಂಗಿಯ ಕಾಲು ಮುಖಕ್ಕೆ ತಾಗುತ್ತಿರುವಾಗ ಕ್ಯಾಲ್‌ಕ್ಯುಲಸ್ ಕಲಿತವನು. ಅಂಥ ನಾನು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಬೇಯಿಸಿದ ಬಟಾಣಿಯನ್ನು ಫೋರ್ಕಿನ ತುದಿಯಲ್ಲಿ ಅಟ್ಟಿಸಿಕೊಂಡು ಹೋಗಿ, ಅದು ಎದುರಿನವನ ತಟ್ಟೆಗೆ ಹಾರಿ, ಅವನು ಅದನ್ನು ನಗುತ್ತ ವಾಪಸು ಕೊಟ್ಟ ದಿನಗಳಿವೆ.

ಫೋರ್ಕಿಗಿಂತ ದೊಡ್ಡ ಪಾಠ ಇನ್ನೊಂದಿತ್ತು. ನಮ್ಮ ಕಡೆ ಊಟಕ್ಕೆ ಕೂತಾಗ ಸಾಕು ಎಂದರೆ ಸಾಕು ಎಂದಲ್ಲ, ಇನ್ನೊಂದು ಸಲ ಕೇಳಿ ಎಂದು. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಬೇಡ ಬೇಡ ಎಂದು ಕೂಗಬೇಕು, ಬಡಿಸುವವರು ಬೆರಳ ಸಂದಿಯಲ್ಲೇ ತುಪ್ಪ ಸುರಿಯಬೇಕು. ಆಗಲೇ ಇಬ್ಬರಿಗೂ ಮರ್ಯಾದೆ. ಡೆಟ್ರಾಯಿಟ್‌ಗೆ ಬಂದ ಮೊದಲ ವಾರ ನನಗೆ ಕೋಣೆ ಬಾಡಿಗೆಗೆ ಕೊಟ್ಟಿದ್ದ ಪೋಲಿಷ್ ಅಜ್ಜಿ, ಆಗತಾನೆ ಓವನ್‌ನಿಂದ ತೆಗೆದ ಆಪಲ್ ಪೈ ಹಿಡಿದು ಬಂದು, ಒಂದು ಚೂರು ಬೇಕಾ ಎಂದು ಕೇಳಿದಳು. ಬೆಳಗಿನಿಂದ ಬ್ರೆಡ್ಡಲ್ಲದೆ ಏನೂ ತಿಂದಿರಲಿಲ್ಲ. ನಾನು ತಲೆ ತಗ್ಗಿಸಿ, ನಮ್ಮಮ್ಮ ಕಲಿಸಿದ್ದ ವಿನಯವನ್ನೆಲ್ಲ ಮುಖದ ಮೇಲೆ ತಂದುಕೊಂಡು, "ನೋ, ಥ್ಯಾಂಕ್ಯೂ" ಅಂದೆ. ಅಜ್ಜಿ "ಓಕೆ" ಅಂದಳು. ಪೈ ಹೊರಟುಹೋಯಿತು. ಅದರ ದಾಲ್ಚಿನ್ನಿಯ ವಾಸನೆ ಮಾತ್ರ ಬಹಳ ಹೊತ್ತು ನನ್ನ ಜೊತೆ ಕೂತಿತ್ತು.

ಅಂದೇ ಕನ್ನಡಿಯ ಮುಂದೆ ನಿಂತು "ಯೆಸ್, ಪ್ಲೀಸ್" ಎಂದು ಅಭ್ಯಾಸ ಮಾಡಿದೆ. ಆಮೇಲೆ ಎಷ್ಟು ಪಳಗಿದೆನೆಂದರೆ, ವಾಲ್ಟರ್ ಏನೋ ಕೇಳಿದ್ದಕ್ಕೆ ಪೂರ್ತಿ ಕೇಳಿಸಿಕೊಳ್ಳದೆ ಯೆಸ್ ಎಂದು, ಆ ಶನಿವಾರ ಅವನ ಅತ್ತೆಯ ಪಿಯಾನೋವನ್ನು ಎರಡನೇ ಮಹಡಿಗೆ ಹೊತ್ತೆ. ಆದರೂ ಬೇಸರವಿಲ್ಲ, ಆ ಮನೆಯಲ್ಲಿ ಕೇಕಿಗೂ ಯೆಸ್ ಅಂದೆ. ಮದುವೆಯಾಗಿ ಮೈಸೂರಿನಿಂದ ವಿಮಲ ಬಂದಿಳಿದಾಗ, ವಿಮಾನ ನಿಲ್ದಾಣದಿಂದ ಮನೆಗೆ ಬರುವ ದಾರಿಯಲ್ಲೇ ಅವಳಿಗೆ ಉಪದೇಶ ಮಾಡಿದೆ. "ನೋಡು, ಇಲ್ಲಿ ಯಾರೂ ಎರಡನೇ ಸಲ ಕೇಳಲ್ಲ. ಬೇಕಂದ್ರೆ ಬೇಕು ಅಂದ್ಬಿಡ್ಬೇಕು."

"ಅದು ಇಲ್ಲಿಯವರ ಮಾತಾಯ್ತು. ನೀವು?" ಎಂದಳು.

"ನಾನೇನು?"

"ಏನಿಲ್ಲ ಬಿಡಿ" ಎಂದು ಕಿಟಕಿಯ ಕಡೆ ತಿರುಗಿದಳು. ಆ ಪ್ರಶ್ನೆಗೆ ನಾನು ಅಲ್ಲೇ ಉತ್ತರ ಹುಡುಕಬೇಕಿತ್ತು. ಆದರೆ ನನಗೆ ಆಗ ಹೆದ್ದಾರಿಯಿಂದ ಇಳಿಯುವ ಎಕ್ಸಿಟ್ ಹುಡುಕುವ ಅವಸರವಿತ್ತು.

ಫೇರ್‌ಗೆ ಹೋದದ್ದು ಅದಾಗಿ ಒಂದೂವರೆ ವರ್ಷಕ್ಕೆ, ಅದರ ಕಟ್ಟಕಡೆಯ ಭಾನುವಾರ. ವಿಮಲಳಿಗೆ ಆಗ ಆರು ತಿಂಗಳು. ಬಸುರಿಯ ಬಯಕೆ ತೀರಿಸಲು ಹತ್ತಿರದಲ್ಲಿ ತಾಯಿಯಿಲ್ಲ, ಅಕ್ಕಪಕ್ಕದ ಮನೆಯವರಿಲ್ಲ. ನಮ್ಮತ್ತೆ ಏರೋಗ್ರಾಮಿನಲ್ಲಿ, "ಅವಳಿಗೆ ಏನು ತಿನ್ನಬೇಕು ಅನ್ನಿಸುತ್ತೆ ಬರೆಯಿರಿ" ಎಂದು ಕೇಳುತ್ತಿದ್ದರು. ಹುಣಸೆ ಚಿಗುರು ಎಂದು ನಾವು ಬರೆದು, ಅದಕ್ಕೆ ಅವರ ಉತ್ತರ ಬರುವಷ್ಟರಲ್ಲಿ ಬಯಕೆ ಚಿಗುರಿನಿಂದ ಚಕ್ಕುಲಿಗೆ ಹೋಗಿರುತ್ತಿತ್ತು. ಕೊನೆಯ ಕಾಗದದಲ್ಲಿ ಅವರು ಒಂದು ಸಾಲು ಸೇರಿಸಿದ್ದರು: ಬಯಕೆ ತೀರದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದಂತೆ, ಜವಾಬ್ದಾರಿ ನಿಮ್ಮದು. ನಾನು ಇಂಜಿನಿಯರು, ಇದನ್ನೆಲ್ಲ ನಂಬುವವನಲ್ಲ. ಒಂದೂ ಬಯಕೆ ಬಾಕಿ ಉಳಿಸುವುದಿಲ್ಲ ಎಂದು ಮಾತ್ರ ಅವತ್ತೇ ಮಾತು ಕೊಟ್ಟು ಕಾಗದ ಹಾಕಿದ್ದೆ.

ಫೇರ್‌ನ ಬಾಗಿಲಲ್ಲೇ ನನಗೆ ತಲೆ ತಿರುಗಿತು. ಎಲ್ಲಿ ನೋಡಿದರೂ ಜನ ಕೈಯಲ್ಲಿ ತಿನ್ನುತ್ತಿದ್ದಾರೆ! ಮೊಣಕೈವರೆಗೆ ಬೆಣ್ಣೆ ಸೋರಿಸಿಕೊಂಡು, ಬೆರಳು ಚೀಪಿಕೊಂಡು, ಯಾರ ಹಂಗೂ ಇಲ್ಲದೆ. ಟರ್ಕಿ ಕೋಳಿಯ ಕಾಲನ್ನು ಗದೆಯ ಹಾಗೆ ಹೆಗಲ ಮೇಲಿಟ್ಟುಕೊಂಡು ಒಬ್ಬ ಹೋದ. ನಾವು ಸಸ್ಯಾಹಾರಿಗಳು, ಅದು ನಮಗಲ್ಲ. ಆದರೆ ಆ ನಡಿಗೆಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಒಂದು ಕಡೆ ಎಣ್ಣೆಯಲ್ಲಿ ಹಿಟ್ಟು ಸುತ್ತಿ ಬಿಟ್ಟು, ಮೇಲೆ ಸಕ್ಕರೆ ಪುಡಿ ಉದುರಿಸಿ ಕೊಡುತ್ತಿದ್ದರು. "ಪಾಕಕ್ಕೆ ಬೀಳೋ ಮೊದಲೇ ತಪ್ಪಿಸ್ಕೊಂಡು ಬಂದಿರೋ ಜಿಲೇಬಿ ಕಣ್ರೀ ಇದು" ಎಂದು ವಿಮಲ ನಗುನಗುತ್ತ ತಿಂದಳು. ಸೇಬು ತುಂಬಿದ, ಮಗುವಿನ ತಲೆಯಷ್ಟು ದೊಡ್ಡ ಕಡುಬೊಂದನ್ನು ಇಬ್ಬರೂ ಹಂಚಿಕೊಂಡೆವು. ಆಮೇಲೆ ಬಂತು ನನ್ನ ಜೋಳ. ಸಿಪ್ಪೆ ಸಮೇತ ಕೆಂಡದಲ್ಲಿ ಸುಟ್ಟು, ಆ ಸಿಪ್ಪೆಯನ್ನೇ ಹಿಂದಕ್ಕೆಳೆದು ಹಿಡಿಕೆ ಮಾಡಿ, ಕರಗಿದ ಬೆಣ್ಣೆಯ ಡಬ್ಬದಲ್ಲಿ ಪೂರ್ತಿ ಮುಳುಗಿಸಿ ಕೈಗಿಡುತ್ತಾರೆ. ವಿಮಲ ಸೀರೆಯ ಮೇಲೆ ಹಾಕಿಕೊಂಡಿದ್ದ ಕೋಟಿನ ಜೇಬಿನಿಂದ ಕ್ಯಾಮೆರಾ ರೀಲಿನ ಖಾಲಿ ಡಬ್ಬಿ ತೆಗೆದಳು. ಒಳಗೆ ಉಪ್ಪು, ಅಚ್ಚ ಖಾರದ ಪುಡಿ. ಪಕ್ಕದಲ್ಲಿ ನಿಂತು ನೋಡುತ್ತಿದ್ದ, ಕಬ್ಬಿಣದ ಟೋಪಿಯ ಸೈನಿಕನೊಬ್ಬ ತನ್ನ ಜೋಳವನ್ನೂ ಮುಂದೆ ಚಾಚಿದ. ಒಂದು ಕಚ್ಚಿಗೆ ಅವನ ಕಣ್ಣಲ್ಲಿ ನೀರು ಬಂತು. ಎರಡನೆಯ ಕಚ್ಚಿಗೆ, ಈ ಪುಡಿಗಾಗಿ ನಮ್ಮ ರಾಜ ಯುದ್ಧಕ್ಕೆ ಹೋಗುತ್ತಾನೆ ಎಂದು ಹಳೆಯ ಇಂಗ್ಲಿಷಿನಲ್ಲಿ ಸಾರಿದ.

ಈ ಸಂಭ್ರಮದಲ್ಲಿ ತೇಲುತ್ತ ಹೋಗುವಾಗ ಒಂದು ಮರದ ಪೀಪಾಯಿ ಎದುರಾಯಿತು. ಒಳಗೆ ಉಪ್ಪುನೀರು, ಸಬ್ಬಸಿಗೆ ಸೊಪ್ಪು, ಅದರಲ್ಲಿ ಹುಳಿಗಟ್ಟಿದ ಇಡೀ ಇಡೀ ಸೌತೆಕಾಯಿ. ಬಿಳಿ ಟೋಪಿಯ ಹೆಂಗಸೊಬ್ಬಳು ಅದನ್ನು ಕಡ್ಡಿಗೆ ಚುಚ್ಚಿ ಕೊಡುತ್ತಿದ್ದಳು.

"ಅಯ್ಯೋ, ಬರೀ ಉಪ್ಪಿನಕಾಯಿ ತಿಂತಾರಲ್ರೀ! ಅನ್ನ ಎಲ್ಲಿ?" ಎಂದು ವಿಮಲ ಬಾಯಿಗೆ ಸೆರಗು ಹಿಡಿದು ನಕ್ಕಳು. ನಾನೂ ನಕ್ಕೆ. ಅಷ್ಟರಲ್ಲಿ ಚಿಕ್ಕ ಹುಡುಗಿಯೊಬ್ಬಳು ಅದನ್ನು ಕಚ್ಚಿದಳು. ಕರಂ ಎಂದಿತು. ವಿಮಲಳ ನಗು ನಿಂತಿತು. ನಾನು ಅದನ್ನು ಗಮನಿಸಿದೆನೆಂದು ಜಂಬದಿಂದ ಹೇಳಬಲ್ಲೆ. ಗಮನಿಸಿದ್ದರಿಂದಲೇ ಕೇಳಿದೆ: "ಬೇಕಾ?"

"ಅಯ್ಯೋ ಬೇಡಪ್ಪ."

"ಸರಿ" ಎಂದು ನಾನು ಇನ್ನೊಂದು ಜೋಳ ತಂದುಕೊಂಡೆ.

ಮನೆಯ ದಾರಿ ನಲವತ್ತು ಮೈಲಿ. ಮೊದಲ ಹತ್ತು ಮೈಲಿ ನಾನೊಬ್ಬನೇ ಮಾತಾಡಿದೆ. ಮುಂದಿನ ಹತ್ತು ಮೈಲಿ ನಾನೊಬ್ಬನೇ ಮಾತಾಡುತ್ತಿದ್ದೇನೆ ಎಂಬುದು ಗೊತ್ತಾಯಿತು.

"ಯಾಕೆ, ಸುಸ್ತಾಯ್ತಾ?"

"ಇಲ್ಲ."

"ಕಾಲು ನೋವಾ?"

"ಏನಿಲ್ಲ."

ಇನ್ನೂ ಐದು ಮೈಲಿ ಕಳೆಯಿತು. ಆಮೇಲೆ ರಸ್ತೆಗೆ ಹೇಳುವವಳ ಹಾಗೆ ಹೇಳಿದಳು: "ಆ ಹುಡುಗಿ ಕಚ್ಚಿದಾಗ ಎಷ್ಟು ಚೆನ್ನಾಗಿ ಶಬ್ದ ಬಂತು ಅಲ್ವಾ."

"ಯಾವ ಹುಡುಗಿ? ಓ, ಆ ಸೌತೇಕಾಯಾ? ನಾನು ಕೇಳಿದ್ನಲ್ಲೇ! ನೀನೇ ಬೇಡ ಅಂದಿ."

"ಹೂಂ. ಕೇಳಿದ್ರಿ. ಒಂದ್ ಸಲ ಕೇಳಿದ್ರಿ." ಅವಳ ಕಣ್ಣು ತುಂಬಿತ್ತು. "ನಮ್ಮಮ್ಮ ಆಗಿದ್ರೆ ಕೇಳ್ತಾನೇ ಇರ್ಲಿಲ್ಲ, ತಂದು ಕೈಗಿಡೋರು."

ಹದಿನೆಂಟು ವರ್ಷ ಓದಿದ ತಲೆಯೊಳಗೆ ಆಗ ಒಂದು ಗಂಟೆ ಬಡಿಯಿತು. ಕನ್ನಡಿಯ ಮುಂದೆ ನಿಂತು ಕಲಿತ ವಿದ್ಯೆ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತ್ತೆಂದರೆ, ಸ್ವಂತ ಹೆಂಡತಿಗೆ ನಾನೇ ಆ ಪೋಲಿಷ್ ಅಜ್ಜಿಯಾಗಿದ್ದೆ. "ಅಂಗಡಿಯಲ್ಲಿ ಬಾಟ್ಲಿ ಸಿಗುತ್ತೆ, ತರ್ಲಾ?" ಎಂದು ಮೆಲ್ಲಗೆ ಕೇಳಿದೆ.

"ಬಾಟ್ಲೀದು ಬೇಡ."

ಇದು ಯಾವ ಬೇಡ? ಉಪಚಾರದ್ದೋ, ನಿಜದ್ದೋ? ಎದೆ ಗಟ್ಟಿ ಮಾಡಿಕೊಂಡು ಎರಡನೆಯ ಸಲ ಕೇಳಿದೆ. "ಬೇಡ ಅಂದ್ನಲ್ರೀ! ಪೀಪಾಯೀದು!" ಎಂದಳು. ಮುಂದಿನ ಎಕ್ಸಿಟ್‌ನಲ್ಲಿ ಕಾರು ತಿರುಗಿಸಿದೆ. ಕಿವಿ ಸೋರುವುದನ್ನು ನಾನು ನಂಬುವುದಿಲ್ಲ ಎಂದು ಆಗಲೇ ಹೇಳಿದೆನಲ್ಲ. ಆದರೂ ನಮ್ಮ ಹಳೆಯ ಕಾರು ಅಷ್ಟು ಜೋರಾಗಿ ಓಡಿದ್ದು ಅದೇ ಮೊದಲು, ಅದೇ ಕೊನೆ.

ಹೋಗುವಷ್ಟರಲ್ಲಿ ಸಂಜೆಯಾಗಿ ಹೆಬ್ಬಾಗಿಲು ಮುಚ್ಚಿತ್ತು. ಕಾವಲಿಗಿದ್ದವನು ಜೋಳ ಚಾಚಿದ ಅದೇ ಸೈನಿಕ. ಈಟಿಯನ್ನು ಬೇಲಿಗೆ ಒರಗಿಸಿ ಥರ್ಮಾಸ್‌ನಿಂದ ಕಾಫಿ ಕುಡಿಯುತ್ತಿದ್ದ. ಮುಗಿಯಿತು, ಇನ್ನು ಮುಂದಿನ ವರ್ಷ ಎಂದ. ಬಯಕೆ, ತವರುಮನೆ, ಇದನ್ನೆಲ್ಲ ಈ ಕಬ್ಬಿಣದ ಟೋಪಿಯವನಿಗೆ ಯಾವ ಇಂಗ್ಲಿಷಿನಲ್ಲಿ ತಿಳಿಸುವುದು? ಕಾರಿನ ಕಡೆ ಕೈ ತೋರಿಸಿ, "ನನ್ನ ಹೆಂಡತಿ. ಬಸುರಿ. ಪಿಕಲ್" ಎಂದು ಮೂರು ತುಂಡು ಮಾತಾಡಿದೆ.

ಅವನು ಕಾಫಿ ಚೆಲ್ಲಿಬಿಟ್ಟ. "ಮೊದಲೇ ಹೇಳಬಾರದೇನಯ್ಯಾ!" ಎಂದವನೇ ಬಾಗಿಲು ತಳ್ಳಿದ. ಸೌತೆಕಾಯಿಗಾಗಿ ಪ್ರಾಣ ಬಿಡುವ ಬಸುರಿಯರು ಈ ದೇಶದಲ್ಲಿ ಮನೆಮನೆಗೂ ಇದ್ದಾರೆಂದು ನನಗೇನು ಗೊತ್ತು? ನಾನು ಅದನ್ನು ಮೈಸೂರಿನ ಗುಟ್ಟು ಎಂದುಕೊಂಡಿದ್ದೆ. ಸೈನಿಕ ಬಾಯಿಗೆ ಕೈ ಹಿಡಿದು, "ಬಸುರಿ ಬಂದಿದ್ದಾಳೆ, ಪಿಕಲ್ ಬೇಕಂತೆ!" ಎಂದು ಕೂಗಿದ. ಡೇರೆ ಬಿಚ್ಚುತ್ತಿದ್ದವರು ಅದನ್ನೇ ಮುಂದಕ್ಕೆ ಕೂಗಿದರು. ಎಲ್ಲಿಂದಲೋ ಒಬ್ಬ ತುತ್ತೂರಿ ಊದಿದ. ಕಿರೀಟ ತೆಗೆಯುವ ಮೊದಲೇ ಜೀನ್ಸ್‌ಗೆ ಬದಲಾಯಿಸಿಕೊಂಡಿದ್ದ ರಾಜ ಓಡೋಡಿ ಬಂದು, ಲಾರಿಗೆ ಏರಿಸಿದ್ದ ಪೀಪಾಯಿಯನ್ನು ಇಳಿಸಿರೆಂದು ಅಪ್ಪಣೆ ಮಾಡಿದ. ಇಳಿಸುವವರು ಸಾಲದೆ ತಾನೇ ಕೈ ಹಚ್ಚಿದ. ಸೀರೆ ಉಟ್ಟ ವಿಮಲ ಆ ಸೈನಿಕರ ನಡುವೆ, ಒಂದು ಕೈ ಹೊಟ್ಟೆಯ ಮೇಲಿಟ್ಟು, ನಿಜವಾದ ಮಹಾರಾಣಿಯ ಹಾಗೆ ನಡೆದು ಬಂದಳು. ಟೋಪಿಯ ಹೆಂಗಸು, "ಒಂದು ಬೇಕಾ..." ಎಂದು ಬಾಯಿ ತೆರೆಯುವುದರೊಳಗೆ ವಿಮಲ, "ಯೆಸ್, ಪ್ಲೀಸ್. ತ್ರೀ" ಅಂದಳು.

ಕರಂ ಎಂದಿತು. ಸುತ್ತ ನಿಂತವರೆಲ್ಲ ಚಪ್ಪಾಳೆ ತಟ್ಟಿದರು. ರಾಜ ಕಿರೀಟ ತೆಗೆದು ತಲೆ ಬಾಗಿಸಿದ. ವಿಮಲ ಕಣ್ಣು ಮುಚ್ಚಿ ನಿಂತಿದ್ದಳು. ಮುಖದ ಮೇಲೆ ಎಂಥ ಶಾಂತಿ ಎಂದರೆ, ನಮ್ಮ ಮದುವೆಯ ಫೋಟೋಗಳಲ್ಲೂ ಅದಿಲ್ಲ.

ವಾಪಸು ಬರುವಾಗ ಪಕ್ಕದ ಸೀಟಿನಿಂದ ಒಂದೇ ಸಮನೆ ಕರಂ ಕರಂ ಕೇಳಿಸುತ್ತಿತ್ತು. ಮೊದಲನೆಯದು ಆಗಲೇ ಮುಗಿದಿತ್ತು, ಎರಡನೆಯದೂ ಮುಗಿಯಿತು. ಮೂರನೆಯದು ಮೇಣದ ಕಾಗದದಲ್ಲಿ ಅವಳ ಮಡಿಲಲ್ಲಿತ್ತು. ಕಾರು ತುಂಬ ಸಬ್ಬಸಿಗೆ, ಬೆಳ್ಳುಳ್ಳಿ, ಹುಳಿಯ ಘಮ. ನನ್ನ ಬಾಯಿಯೊಳಗೆ ನೀರೂರಿ ರಸ್ತೆಯ ಮೇಲೆ ಕಣ್ಣು ನಿಲ್ಲಲಿಲ್ಲ. ಅವಳು ಕಾಗದ ಬಿಡಿಸಿ, ನನ್ನ ಕಡೆ ತಿರುಗಿ, ಎಷ್ಟು ಪ್ರೀತಿಯಿಂದ ಕೇಳಿದಳು ಗೊತ್ತೇ? "ನಿಮಗೆ ಬೇಕೇನ್ರೀ?"

ಒಂದು ಕ್ಷಣವೂ ತಡಮಾಡದೆ ನಾನು "ಹೂಂ, ಕೊಡು" ಎಂದು ಕೈ ಚಾಚಿದೆ.

ವಿಮಲ ನನ್ನ ಕೈಯನ್ನು ನೋಡಿದಳು. ಸೌತೆಕಾಯಿಯನ್ನು ನೋಡಿದಳು. "ಅಯ್ಯೋ, ಉಪಚಾರಕ್ಕೆ ಕೇಳಿದೆ ಕಣ್ರೀ" ಎಂದು ಕಚ್ಚಿದಳು.