ಸೊರಬದ ಮೇಷ್ಟ್ರ ನಾಲ್ಕು ಗಾಳಿಪಟ

ಆಷಾಢದ ಗಾಳಿ ಎದ್ದರೆ ಬೇರೆಯವರ ಮನೆಯಲ್ಲಿ ಹೆಂಚು ಹಾರುತ್ತಿತ್ತು, ನನ್ನ ಅಂಗಡಿಯಲ್ಲಿ ದಾರದ ಉಂಡೆ ಹಾರುತ್ತಿತ್ತು. ಶಿಕಾರಿಪುರದ ಪೇಟೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದ ನನಗೂ ಗಾಳಿಪಟಕ್ಕೂ ಇದ್ದ ಸಂಬಂಧ ಅಷ್ಟಕ್ಕೇ ಮುಗಿಯಬೇಕಿತ್ತು. ಮುಗಿಯಲಿಲ್ಲ. ವರ್ಷ ವರ್ಷವೂ ಏನಾದರೊಂದು ಫಜೀತಿ. ನಯಾಪೈಸೆ ಬಂದ ಮರುವರ್ಷದ್ದಂತೂ ನೆನೆಸಿಕೊಂಡರೆ ಈಗಲೂ ಸೂಜಿಗೆ ದಾರ ಹೋಗುವುದಿಲ್ಲ, ಅಷ್ಟು ನಗು.

೧. ತೀರ್ಪುಗಾರ

ಆ ವರ್ಷ ಸೊರಬದವರಿಗೂ ನಮ್ಮೂರಿಗೂ ಪಂದ್ಯ ಗೊತ್ತಾಯಿತು. ಒಂದೊಂದು ಊರಿಗೆ ಒಬ್ಬರೇ ಆಟಗಾರರು, ನಾಲ್ಕು ನಾಲ್ಕು ಪಟ. ಕೊನೆಗೆ ಯಾರ ಪಟ ಆಕಾಶದಲ್ಲಿ ಉಳಿಯುತ್ತದೋ ಅವರು ಗೆದ್ದ ಹಾಗೆ. ನಮ್ಮ ಕಡೆ ಭತ್ತದ ಮಂಡಿ ಸಾಹುಕಾರರು. ಸೊರಬದ ಕಡೆ ಒಬ್ಬ ಶಾಲಾ ಮೇಷ್ಟ್ರು, ಅಂದರೆ ನನ್ನ ಹೆಂಡತಿಯ ಅಣ್ಣ.

ಸಾಹುಕಾರರು ಅಂಗಡಿಗೆ ಬಂದು, "ತೀರ್ಪು ನೀವೇ ಹೇಳ್ಬೇಕ್ರೀ" ಅಂದರು.

"ನಾನು ಈ ಊರಿನವನು, ಹೆಂಡತಿ ಆ ಊರಿನವಳು. ಏನು ಹೇಳಿದ್ರೂ ಬೈಸ್ಕೊಳ್ಳೋನು ನಾನೇ, ಬೇಡಿ" ಅಂದೆ.

"ಅದಕ್ಕೇ ನೀವೇ ಆಗ್ಬೇಕು. ಇಪ್ಪತ್ತು ವರ್ಷದಿಂದ ಹೆಂಗಸರ ರವಿಕೆ ಹೊಲೀತಿದ್ದೀರಿ. ಬೈಸ್ಕೊಂಡು ಇಷ್ಟು ಅಭ್ಯಾಸ ಇರೋರು ಊರಲ್ಲಿ ಇನ್ಯಾರಿದಾರೆ?"

೨. ಉಪಚಾರ

ಸೊರಬದ ಬಸ್ಸಿನಿಂದ ಹನ್ನೊಂದು ಜನ ಇಳಿದರು. ಸಾಹುಕಾರರು ನನ್ನ ಕಿವಿಯಲ್ಲಿ, "ಹೊಟ್ಟೆ ಬಿರಿಯೋ ಹಂಗೆ ಬಡಿಸ್ರಿ ಅಂದಿದೀನಿ. ಉಂಡೋರು ಕತ್ತೆತ್ತಿ ಆಕಾಶ ಹೆಂಗ್ ನೋಡ್ತಾರೆ ನೋಡೋಣ" ಅಂದರು.

ಹೋಳಿಗೆ, ಹಾಲು, ತುಪ್ಪ ಬಂತು. ಸೊರಬದವರೋ ಮರ್ಯಾದಸ್ಥರು. "ನೀವು ಕೂರದೆ ನಾವು ಹೆಂಗೆ ತಿನ್ನದು ಮಾರಾಯ್ರೇ?" ಎಂದು ನಮ್ಮವರನ್ನೂ ಎಳೆದು ಕೂರಿಸಿದರು. ಇವರು ಅವರಿಗೆ ಒತ್ತಾಯ ಮಾಡಿ ಹಾಕಿಸಿದರು, ಅವರು ಇವರಿಗೆ ಆಣೆ ಇಟ್ಟು ಹಾಕಿಸಿದರು. ಹನ್ನೆರಡರಿಂದ ಎರಡರವರೆಗೆ ಒಳ್ಳೇ ಗಾಳಿ ಬೀಸಿತು. ಎರಡೂ ಊರಿನವರು ಸಾಹುಕಾರರ ಜಗಲಿಯ ಮೇಲೆ ಸಾಲಾಗಿ ಮಲಗಿದ್ದರು.

ಎಚ್ಚರವಾದ ಕೂಡಲೇ ಸಾಹುಕಾರರು ನನ್ನ ಭುಜ ಅಲುಗಿಸಿದರು. "ಬರ್ಕೊಳ್ರಿ! ನಮ್ಮೋರು ಮೊದಲು ಎದ್ದಾರೆ!"

೩. ಶರಣು

ಬಯಲಿನಲ್ಲಿ ಪಟ ಏರಿದವು. ಭಾವ ಪಟ ಹಾರಿಸುವುದರಲ್ಲಿ ಬಲು ಗಟ್ಟಿಗರು. ಅವರಿಗೆ ಇದ್ದ ದೋಷ ಒಂದೇ, ವಿನಯ. ಸಾಹುಕಾರರ ದಾರವನ್ನು ಇನ್ನೇನು ಕೊಯ್ಯಬೇಕು, ಅಷ್ಟರಲ್ಲಿ ನಮ್ಮೂರಿನ ಹಿರಿಯರೊಬ್ಬರು, "ಶರಣ್ರೀ ಮೇಷ್ಟ್ರೇ!" ಅಂದರು.

"ಶರಣು, ಶರಣು" ಎಂದು ಭಾವ ಎರಡೂ ಕೈ ಜೋಡಿಸಿದರು. ಪಟ ಹೋಯಿತು.

ಸಾಹುಕಾರರ ಕಣ್ಣು ಮಿನುಗಿತು. ಎರಡನೆಯ ಪಟ ಏರುತ್ತಿದ್ದಂತೆ ಇನ್ನೊಬ್ಬ ಹಿರಿಯರನ್ನು ಕಳಿಸಿದರು. ಮತ್ತೆ ಶರಣು, ಮತ್ತೆ ಪಟ ಹೋಯಿತು.

ಭಾವನಿಗೂ ಬುದ್ಧಿ ಬಂತು. ಮೂರನೆಯ ಪಟದ ದಾರವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದರು. ಬಂದವರಿಗೆಲ್ಲ ಕೈ ಮುಗಿದರು, ಪಟ ಅಲ್ಲಾಡಲಿಲ್ಲ. ಆಗ ಸಾಹುಕಾರರೇ ಹತ್ತಿರ ಹೋಗಿ ಬಹಳ ಅಕ್ಕರೆಯಿಂದ ಕೇಳಿದರು: "ಮನೇಲಿ ಎಲ್ಲಾ ಆರಾಮಾ?"

"ಆರಾಮ" ಅಂದರು ಭಾವ.

೪. ಹುಣಸೆ ಮರ

ಉಳಿದದ್ದು ಒಂದೇ ಪಟ. ಭಾವ ಅದರ ದಾರವನ್ನು ಪಂಚೆಗೇ ಬಿಗಿಯಾಗಿ ಗಂಟು ಹಾಕಿದರು. ಕೈಯೂ ಖಾಲಿ, ಬಾಯಿಯೂ ಖಾಲಿ, ಇನ್ನೇನು ಮಾಡುತ್ತೀರಿ ಎನ್ನುವಂತೆ ನಿಂತರು.

ಸಾಹುಕಾರರು ತಮ್ಮ ತೊಂಬತ್ತರ ತಾಯಿಯನ್ನೇ ಕರೆಸಿದರು. ಅಜ್ಜಿಯ ಕಾಲು ಮುಟ್ಟಲು ಭಾವ ಬಗ್ಗಿದರು. ಸೊಂಟದ ಪಂಚೆ ಸಡಿಲಾಯಿತು, ಅದೇ ಹೊತ್ತಿಗೆ ಗಾಳಿ ಜೋರಾಯಿತು. ತಲೆ ಎತ್ತುವಷ್ಟರಲ್ಲಿ ಪಂಚೆ ಬಯಲು ದಾಟಿ ಹುಣಸೆ ಮರದ ತುದಿಗೆ ಸಿಕ್ಕಿಕೊಂಡಿತ್ತು. ಭಾವ ಪಟ್ಟಾಪಟ್ಟಿ ಚಡ್ಡಿಯಲ್ಲಿ ನಿಂತಿದ್ದರು. ಅಜ್ಜಿ ಕಣ್ಣು ಮುಚ್ಚಿಕೊಂಡೇ ಆಶೀರ್ವಾದ ಮಾಡಿದರು.

ಸಾಹುಕಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊಟ್ಟೆ ಹಿಡಿಯಲು ಎರಡೂ ಕೈ ಬೇಕಲ್ಲ, ಅವರ ಪಟವೂ ಹೋಯಿತು. ಜಗಲಿಯ ಮೇಲೆ ತೆಗೆದಿಟ್ಟಿದ್ದ ಇನ್ನು ಮೂರು ಪಟ ತರೋಣವೆಂದರೆ ಉಂಡು ಮಲಗಿದ್ದವರು ಅವುಗಳ ಮೇಲೇ ಹೊರಳಾಡಿದ್ದರು. ಆಕಾಶದಲ್ಲಿ ಉಳಿದದ್ದು ಪಂಚೆಗೆ ಕಟ್ಟಿದ ಪಟ ಒಂದೇ, ಗತ್ತಾಗಿ ಹಾರುತ್ತಿತ್ತು.

"ಸೊರಬ ಗೆಲ್ತು!" ಎಂದು ಹೆಂಗಸರ ನಡುವಿನಿಂದ ನನ್ನ ಹೆಂಡತಿ ಕೂಗಿದಳು.

"ಹೆಂಗ್ ಗೆಲ್ತದ್ರೀ? ಹಾರಿಸ್ತಿರೋದು ಮರ. ಮರ ಶಿಕಾರಿಪುರದ್ದು!" ಅಂದರು ಸಾಹುಕಾರರು.

"ಪಂಚೆ ಸೊರಬದ್ದು!"

ಎರಡೂ ಊರು ನನ್ನ ಮುಖ ನೋಡಿತು. "ಮೊದಲು ಪಂಚೆ ಇಳಿಸಿ ಮಾರಾಯ್ರೇ" ಎಂದು ಭಾವ ಗೋಗರೆದರು. "ಇಳಿಸಿದ್ರೆ ಸೋತಂಗೆ, ಸುಮ್ನಿರಿ" ಎಂದು ಅವರ ಊರಿನವರೇ ಗದರಿದರು.

ನಾನು ಧೈರ್ಯ ಮಾಡಿ, "ಮೊದಲ ಬಹುಮಾನ ಹುಣಸೆ ಮರಕ್ಕೆ" ಅಂದೆ. ಆಶ್ಚರ್ಯ, ಎಲ್ಲರೂ ಒಪ್ಪಿದರು. ಸಾಹುಕಾರರು ಮರಕ್ಕೆ ಹಾರ ಹಾಕಿ, ತಮ್ಮ ಶಾಲನ್ನು ಭಾವನ ಸೊಂಟಕ್ಕೆ ಸುತ್ತಿದರು. ಆದರೆ ಎರಡನೆಯ ಬಹುಮಾನ ಯಾರಿಗೆ ಎಂಬ ಜಗಳ ಹತ್ತಿತು ನೋಡಿ, ಅದು ಮುಗಿಯುವಷ್ಟರಲ್ಲಿ ಸೊರಬದ ಕೊನೇ ಬಸ್ಸು ಹೊರಟುಹೋಗಿತ್ತು. ಹನ್ನೊಂದು ಜನರೂ ನಮ್ಮ ಮನೆಗೆ ಬಂದರು.

ಒಲೆಯ ಮುಂದೆ ಕೂತು ನಲವತ್ತನೆಯ ರೊಟ್ಟಿ ತಟ್ಟುತ್ತಾ ಹೆಂಡತಿ ನನ್ನ ಕಡೆ ತಿರುಗಿದಳು. "ನಮ್ಮಣ್ಣ ಸೋತ ಅಂತ ಮಧ್ಯಾಹ್ನವೇ ಹೇಳಿ ಬಸ್ಸು ಹತ್ತಿಸೋಕೆ ನಿಮಗೇನಾಗಿತ್ತು?"